ಪುಕ್ಕಟೆ ಕೊಟ್ಟ ಮೆಮೊರಿಯ ಬೆಲೆ

ಗಿರಾಕಿಗೆ ಮೆಮೊರಿ ಪುಕ್ಕಟೆ ಕೊಟ್ಟದ್ದಕ್ಕೆ ನಮಗೆ ತಗುಲಿದ ಬೆಲೆಯನ್ನು ಮೊದಲೇ ಹೇಳಿಬಿಡುತ್ತೇನೆ. ಒಂದು ಇಡೀ ಮಳೆಗಾಲ, ಆ ಗಿರಾಕಿಯ ಅಂಗಳದಲ್ಲಿ ಸುಮ್ಮನೆ ತೋಡಿಸಿದ ಒಂದು ಅರ್ಥಿಂಗ್ ಗುಂಡಿ, ಟೆಂಪೋ ತುಂಬ ಹಾಳಾದ ಲೇಬಲ್ಲು. ಇನ್ನು ಸ್ವಲ್ಪದರಲ್ಲಿ ನಮ್ಮ ಫರ್ಮ್‌ವೇರ್ ವಿಭಾಗಕ್ಕೆ ಬೀಗವೂ ಬೀಳುತ್ತಿತ್ತು. ಕಾರಣ ಕೇಳಿದರೆ ನಗುತ್ತೀರಿ: ನಾನು ಚೌಕಾಸಿಯಲ್ಲಿ ಗೆದ್ದಿದ್ದೆ.

ಕಂಪ್ಯೂಟರ್ ಬೋರ್ಡಿನ ಈ ಲೈನಿಗೆ ಹೊಸದಾಗಿ ಬರುವವರು ನನ್ನನ್ನು ಯಾವ ಕೋರ್ಸ್ ಮಾಡಬೇಕು, ಎಲ್ಲಿ ಸಂಬಳ ಚೆನ್ನಾಗಿದೆ ಎಂದು ಕೇಳುತ್ತಾರೆ. ಅದನ್ನು ಹೇಳಲು ಬೇಕಾದಷ್ಟು ಜನ ಇದ್ದಾರೆ. ಬೋರ್ಡು ಫ್ಯಾಕ್ಟರಿಯಿಂದ ಹೊರಬಿದ್ದ ಮೇಲೆ ಏನಾಗುತ್ತದೆ ಎಂದು ಹೇಳುವವರು ಕಡಿಮೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ನಮ್ಮ ಕಂಪನಿ ಮುಂಬಯಿ ಪಕ್ಕದ ಠಾಣೆಯಲ್ಲಿ, ವಾಗ್ಳೆ ಎಸ್ಟೇಟ್ ಅನ್ನುವ ಕೈಗಾರಿಕಾ ಪ್ರದೇಶದಲ್ಲಿತ್ತು. ಕಾರ್ಖಾನೆಯ ಯಂತ್ರಗಳೊಳಗೆ ಕೂರುವ ಕಂಪ್ಯೂಟರ್ ಬೋರ್ಡು ಮಾಡುತ್ತಿದ್ದೆವು. ಉಡುಪಿ ಕಡೆಯ ಎಲ್ಲರಂತೆ ನಾನೂ ಅಲ್ಲಿಗೆ ಹೋದದ್ದು ಕ್ಯಾಂಟೀನಿನ ಬಾಗಿಲಿನಿಂದ. ಕ್ಯಾಂಟೀನಿಗೆ ತರಕಾರಿ ತರುವಾಗಿನ ನನ್ನ ಚೌಕಾಸಿ ನೋಡಿ ಸಾಹೇಬರು ಸ್ಟೋರಿಗೆ ಹಾಕಿದರು. ಸ್ಟೋರಿನಿಂದ ಖರೀದಿಗೆ, ಖರೀದಿಯಿಂದ ಮಾರಾಟಕ್ಕೆ ಬಂದೆ. ನಡುವೆ ನೌಪಾಡಾದ ಒಂದು ಸಂಜೆ ಕ್ಲಾಸಿನಲ್ಲಿ ಎಲೆಕ್ಟ್ರಾನಿಕ್ಸ್ ಕಲಿತೆ. ಕಲಿತದ್ದು ಸಾಹೇಬನಾಗಲಿಕ್ಕೆ ಅಲ್ಲ. ಮಾರುವ ವಸ್ತುವಿನ ಹೊಟ್ಟೆಯಲ್ಲಿ ಏನಿದೆ ಎಂದು ತಿಳಿಯದೆ ಚೌಕಾಸಿ ಮಾಡಿದರೆ ಎದುರಿನವನು ಮುಖ ನೋಡಿಯೇ ಹಿಡಿದುಬಿಡುತ್ತಾನೆ, ಅದಕ್ಕೆ.

ಸಾಹೇಬರೆಂದರೆ ಕಾರ್ಣಿಕ್ ಸಾಹೇಬರು. ಒಂದು ಕಾಲದಲ್ಲಿ ನಮ್ಮ ಬೋರ್ಡಿನೊಳಗಿನ ಪ್ರೋಗ್ರಾಂ, ಅಂದರೆ ಫರ್ಮ್‌ವೇರನ್ನು ಪೂರ್ತಿ ಒಬ್ಬರೇ ಬರೆದವರು. ಕೋಪ ಬಂದರೆ ಮರಾಠಿ, ಇನ್ನೂ ಬಂದರೆ ಮೌನ. ಅವರ ಕೈಕೆಳಗೆ ಫರ್ಮ್‌ವೇರ್ ವಿಭಾಗ ಅಂತ ಆಗ ಉಳಿದಿದ್ದವಳು ಮುಖ್ಯವಾಗಿ ಒಬ್ಬಳೇ, ವಿಜಯಾ ಹಿರೇಮಠ. ಧಾರವಾಡದವಳು. ಫ್ಲ್ಯಾಟು ಅಗ್ಗ ಅಂತ ಟಿಟ್ವಾಳಾದಲ್ಲಿ ಮನೆ ಮಾಡಿ, ಲೋಕಲ್ ರೈಲಿನಲ್ಲಿ ದಿನಾ ನಿಂತುಕೊಂಡೇ ಬರುವವಳು. ನಿಂತುಕೊಂಡೇ ಯೋಚಿಸುವ ಅಭ್ಯಾಸ ಅವಳಿಗೆ ಅಲ್ಲಿಂದಲೇ ಬಂದಿರಬೇಕು.

೨೦೦೦ದ ದಶಕದ ನಡುವಿನ ಮಾತು. ಆ ಗಿರಾಕಿ, ನಮ್ಮ ಊರಿನ ಕಡೆಯವರೇ ಆದ ವಿಠಲ ಶೆಟ್ಟರು, ಡೊಂಬಿವಲಿಯ ಕೈಗಾರಿಕಾ ಪ್ರದೇಶವಾದ ಎಂಐಡಿಸಿಯಲ್ಲಿ ಲೇಬಲ್ ಕತ್ತರಿಸುವ ಯಂತ್ರ ಕಟ್ಟುತ್ತಿದ್ದರು. ಅಚ್ಚಾದ ಲೇಬಲ್ ಉದ್ದ ರೋಲಿನಲ್ಲಿ ಓಡುತ್ತದೆ. ಅಂಚಿನ ಕಪ್ಪು ಗುರುತನ್ನು ಕ್ಯಾಮೆರಾ ನೋಡುತ್ತದೆ. ನೋಡಿದ ತಕ್ಷಣ ನಮ್ಮ ಬೋರ್ಡು ಬ್ಲೇಡಿಗೆ ‘ಈಗ’ ಅನ್ನಬೇಕು. ಆ ‘ಈಗ’ ಒಂದು ಕೂದಲು ತಡವಾದರೆ ಔಷಧದ ಹೆಸರು ಒಂದು ಲೇಬಲಿನಲ್ಲಿ, ಎಕ್ಸ್‌ಪೈರಿ ತಾರೀಕು ಪಕ್ಕದ ಲೇಬಲಿನಲ್ಲಿ.

ಶೆಟ್ಟರು ಒಂದು ಸ್ಯಾಂಪಲ್ ಬೋರ್ಡು ಒಯ್ದು ಓಡಿಸಿ ನೋಡಿ, ಖುಷಿಯಾಗಿ, ದೊಡ್ಡ ಆರ್ಡರ್ ಕೊಡಲು ಬಂದು ಕೂತರು. ಕೂತವರು ಏಳಲೇ ಇಲ್ಲ.

“ಎಂಥ ರೇಟ್ ಮಾರಾಯ್ರೆ ಇದು ಸದಾನಂದರೇ? ಊರಿನವ ಅಂತ ಸ್ವಲ್ಪ ನೋಡ್ಲಿಕ್ಕಿಲ್ವಾ?”

“ಊರಿನವರು ಅಂತಲೇ ಈ ರೇಟು ಶೆಟ್ರೆ.”

“ಎಲ್ಲರಿಗೂ ನೀವು ಹೀಗೇ ಹೇಳುದು. ಆ ಗುಜರಾತಿನವನಿಗೂ ಊರಿನವ ಅಂತ ಹೇಳಿದ್ರಂತೆ.”

“ರೇಟ್ ಇಳಿಸುದು ನನ್ನ ಕೈಯಲ್ಲಿಲ್ಲ. ಒಂದು ಕೆಲಸ ಮಾಡುವ. ಎಲ್ಲ ಬೋರ್ಡಿಗೂ ಮೆಮೊರಿ ನಾಲ್ಕು ಪಟ್ಟು ಹಾಕಿ ಕೊಡ್ತೇನೆ. ಫ್ರೀ.”

ಶೆಟ್ಟರು ಚಹಾದ ಗ್ಲಾಸು ಕೆಳಗಿಟ್ಟರು. “ಫ್ರೀ ಅಂದ್ರೆ ಫ್ರೀಯೇ ಅಲ್ವಾ? ಮತ್ತೆ ಬಿಲ್ಲಲ್ಲಿ ಬರ್ಲಿಕ್ಕಿಲ್ಲ?”

“ಬಂದ್ರೆ ನನ್ನ ಕಿವಿ ಹಿಡೀರಿ.”

ಮೆಮೊರಿಯ ಬೆಲೆ ಆಗ ಬಿದ್ದುಹೋಗಿತ್ತು. ಸ್ಟೋರಿನಲ್ಲಿ ಧೂಳು ತಿನ್ನುತ್ತಿದ್ದ ಮಾಲನ್ನು ದಾನದಂತೆ ಕೊಟ್ಟು ರೇಟು ಉಳಿಸಿಕೊಂಡೆ ಅಂತ ಆ ದಿನ ನಾನು ಕ್ಯಾಂಟೀನಿನಲ್ಲಿ ಎಲ್ಲರಿಗೂ ಶಿರಾ ಹಾಕಿಸಿದೆ. ಅದು ಬಿಲ್ಲಿನಲ್ಲಿ ಬರಲಿಲ್ಲ ನಿಜ. ಬೇರೆ ದಾರಿಯಲ್ಲಿ ಬಂತು.

ಮಳೆ ಶುರುವಾಗುವ ಹೊತ್ತಿಗೆ ಶೆಟ್ಟರ ಫೋನು. ಯಂತ್ರಗಳು ಚೆನ್ನಾಗಿ ಓಡುತ್ತ ಓಡುತ್ತ ನಡುವೆ ಒಮ್ಮೆ ಒಂದು ಲೇಬಲನ್ನು ಗುರುತು ತಪ್ಪಿ ಕತ್ತರಿಸುತ್ತವೆ. ಮತ್ತೆ ಏನೂ ಆಗದವರಂತೆ ಓಡುತ್ತವೆ. ನಾನು ಫೋನಿನಲ್ಲೇ ಹೇಳಿದೆ: “ಅರ್ಥಿಂಗ್.” ಕರೆಂಟನ್ನು ನೆಲಕ್ಕಿಳಿಸುವ ತಂತಿ ಸರಿಯಿಲ್ಲ ಅಂತ.

ಡೊಂಬಿವಲಿ ಎಂಐಡಿಸಿಯಲ್ಲಿ ಯಾವ ಯಂತ್ರ ಕೆಟ್ಟರೂ ಮೊದಲು ಅರ್ಥಿಂಗ್ ಅನ್ನುವುದು ನಮ್ಮ ಲೈನಿನ ಪದ್ಧತಿ, ಡಾಕ್ಟರು ಮೊದಲು ನಾಲಗೆ ತೋರಿಸಿ ಅಂದಂತೆ. ಹತ್ತರಲ್ಲಿ ಆರು ಸಲ ಅದೇ ಆಗಿರುತ್ತದೆ, ಅದಕ್ಕೇ ಆ ಪದ್ಧತಿ ಸಾಯುವುದಿಲ್ಲ. ಶೆಟ್ಟರು ಸುರಿಯುವ ಮಳೆಯಲ್ಲಿ ಅಂಗಳ ಅಗೆಸಿ, ತಾಮ್ರದ ಪಟ್ಟಿ ಇಳಿಸಿ, ಇದ್ದಿಲು ಉಪ್ಪು ಸುರಿಸಿದರು. ನಾನು ಕೊಡೆ ಹಿಡಿದು ನಿಂತು ಉಸ್ತುವಾರಿ ಮಾಡಿದೆ. ಗುಂಡಿ ಮುಚ್ಚಿ ಯಂತ್ರ ಓಡಿಸಿದರೆ ಕಟ್ ಮತ್ತೆ ತಪ್ಪಿತು.

“ಇನ್ನು ಬಾವಿ ತೋಡಿಸುದಾ?” ಅಂದರು ಶೆಟ್ಟರು. ಕೂಗಲಿಲ್ಲ. ಅದೇ ಹೆಚ್ಚು ಚುಚ್ಚಿತು. ನವಿ ಮುಂಬಯಿಯ ಒಂದು ಔಷಧ ಕಂಪನಿಗೆ ಅವರು ಈ ಯಂತ್ರ ಕೊಡಲು ಒಪ್ಪಿದ್ದರು, ಗಣಪತಿ ಹಬ್ಬದ ಮೊದಲು. “ಆಗ್ಲಿಲ್ಲ ಅಂದ್ರೆ ನಿಮ್ಮ ಬೋರ್ಡ್ ಎಲ್ಲಾ ವಾಪಸ್. ಹೊರದೇಶದ್ದು ಹಾಕ್ತೇನೆ. ಊರಿನವ ಅಂತ ನಾನೂ ನೋಡ್ಲಿಕ್ಕಿಲ್ಲ.”

ಕಾರ್ಣಿಕ್ ಸಾಹೇಬರಿಗೆ ವಿಷಯ ಹೇಳಿದೆ. ಮೇಲಿನವರು ತಮಗೆ ಮೊದಲೇ ಹೇಳಿಟ್ಟದ್ದನ್ನು ಅವರು ನನಗೂ ಹೇಳಿದರು. ಈ ಆರ್ಡರ್ ವಾಪಸ್ ಬಂದರೆ ಸ್ವಂತ ಫರ್ಮ್‌ವೇರ್ ಸಾಕು ಅಂತ ತೀರ್ಮಾನ ಆಗಿದೆ. ಹೊರಗಿನ ಬೋರ್ಡು ತರಿಸಿ, ನಮ್ಮ ಚೀಟಿ ಅಂಟಿಸಿ ಮಾರುವುದು. ವಿಜಯಾಳಿಗೆ ಕೆಲಸವಿಲ್ಲ. “ಮಲಾಪಣ್,” ಅಂದರು. ತಮಗೂ ಇಲ್ಲ ಅಂತ.

ಚೀಟಿ ಅಂಟಿಸಿ ಮಾರುವುದರಲ್ಲಿ ನನಗೆ ನಷ್ಟವಿರಲಿಲ್ಲ, ಮಾರುವವನಿಗೆ ಯಾವ ಚೀಟಿಯಾದರೇನು. ಆದರೂ ಆ ಸಂಜೆಯೇ ಶೆಟ್ಟರ ಶೆಡ್ಡಿನ ವಿಳಾಸ ಬರೆದು ವಿಜಯಾಳ ಕೈಗೆ ಕೊಟ್ಟೆ.

ಮರುದಿನ ವಿಜಯಾ ತನ್ನ ಆಸಿಲೋಸ್ಕೋಪು, ಅಂದರೆ ಸಿಗ್ನಲ್ಲಿನ ಏರಿಳಿತವನ್ನು ಪರದೆಯ ಮೇಲೆ ಗೆರೆಯಾಗಿ ತೋರಿಸುವ ಪೆಟ್ಟಿಗೆಯನ್ನು, ಪ್ಲಾಸ್ಟಿಕ್ಕಿನಲ್ಲಿ ಸುತ್ತಿಕೊಂಡು ಡೊಂಬಿವಲಿಗೆ ಬಂದಳು. ಶೆಡ್ಡಿನಲ್ಲಿ ಸುಮ್ಮನೆ ಒಂದು ಸುತ್ತು ಹಾಕಿ ಕೇಳಿದಳು: “ಆ ಮೂಲ್ಯಾಗಿನ ಮಷೀನು ಯಾಕ ತಪ್ಪು ಮಾಡ್ತಿಲ್ರೀ?”

“ಅದು ಮೊದಲಿನ ಸ್ಯಾಂಪಲ್. ಅದಕ್ಕೆ ಎಂಥದೂ ಆಗ್ಲಿಲ್ಲ,” ಅಂದರು ಶೆಟ್ಟರು.

“ಅದಕ್ಕೂ ಇವಕ್ಕೂ ಏನ್ ಫರಕ್ ಐತಿ?”

ಶೆಟ್ಟರು ನನ್ನನ್ನು ನೋಡಿದರು. ನಾನು ಅರ್ಥಿಂಗ್ ಗುಂಡಿಯನ್ನು ನೋಡಿದೆ. ಸ್ಯಾಂಪಲ್ ಬೋರ್ಡಿಗೆ ನಾನು ಫ್ರೀ ಮೆಮೊರಿ ಹಾಕಿರಲಿಲ್ಲ.

ಒಂದು ಹೊಸ ಬೋರ್ಡಿನಿಂದ ಹೆಚ್ಚಿನ ಮೆಮೊರಿ ಕಿತ್ತು ಓಡಿಸಿದೆವು. ಕಟ್ ಸರಿಯಾಗಿ ಬಂತು. ಮತ್ತೆ ಹಾಕಿದೆವು. ತಪ್ಪಿತು.

“ಸರಿ ಹಾಗಾದ್ರೆ, ಎಲ್ಲಾ ತೆಗೆದುಬಿಡುವ,” ಅಂದೆ ನಾನು, ಗುಡ್ಡ ಇಳಿದವನಂತೆ.

“ತೆಗೆಯುದಾ?” ಶೆಟ್ಟರ ಸ್ವರ ಈಗ ಏರಿತು. “ಕೊಟ್ಟದ್ದನ್ನು ವಾಪಸ್ ಕೇಳ್ತೀರಾ? ಪ್ರತಿ ಲೇಬಲಿನ ಫೋಟೊ ಮೆಮೊರಿಯಲ್ಲಿ ಇಟ್ಟು ತೋರಿಸ್ತೇನೆ ಅಂತ ಔಷಧದವರಿಗೆ ನಾನು ಮಾತು ಕೊಟ್ಟಾಗಿದೆ. ನಿಮ್ಮ ಫ್ರೀಯನ್ನು ನಂಬಿ!”

ನನ್ನ ಉದಾರತೆಯನ್ನು ಅವರು ಆಗಲೇ ಮುಂದಕ್ಕೆ ಮಾರಿಬಿಟ್ಟಿದ್ದರು. ನಾನಾದರೂ ಅದನ್ನೇ ಮಾಡುತ್ತಿದ್ದೆ.

ಇಲ್ಲಿ ಸ್ವಲ್ಪ ನಿಂತು ವಿಷಯ ಹೇಳಬೇಕು. ಫರ್ಮ್‌ವೇರ್ ಅಂದರೆ ಬೋರ್ಡಿನ ಚಿಪ್ಪಿನಲ್ಲೇ ಕುಳಿತ ಪ್ರೋಗ್ರಾಂ. ಸ್ವಿಚ್ ಹಾಕಿದಾಗ ಮೊದಲು ಏಳುವುದು ಅದು. ಆಪರೇಟಿಂಗ್ ಸಿಸ್ಟಮ್ ಬಂದು ಗಾದಿಯ ಮೇಲೆ ಕೂತ ಮೇಲೆ ಅದು ಮೂಲೆಗೆ ಸರಿಯುತ್ತದೆ, ಆದರೆ ಕಾವಲು ಬಿಡುವುದಿಲ್ಲ. ಬೋರ್ಡು ಬಿಸಿಯಾಯಿತೋ, ಕರೆಂಟು ಏರಿಳಿಯಿತೋ ಎಂದು ನೋಡಲು ಆಗಾಗ ಒಂದು ವಿಶೇಷ ಇಂಟರಪ್ಟ್, ಅಂದರೆ ಕೆಲಸ ನಿಲ್ಲಿಸುವ ಕರೆ, ಬರುತ್ತದೆ. ಪ್ರೊಸೆಸರ್ ಕೈಯಲ್ಲಿದ್ದ ಕೆಲಸ ಅಲ್ಲಿಗೇ ಬಿಟ್ಟು ಫರ್ಮ್‌ವೇರಿನ ಮಾತು ಕೇಳುತ್ತದೆ. ಅದು ಮುಗಿಯುವ ತನಕ ಉಳಿದದ್ದೆಲ್ಲ ಕಲ್ಲು. ಮಜಾ ಏನೆಂದರೆ, ತಾನು ಕಲ್ಲಾಗಿದ್ದೆ ಅಂತ ಆಪರೇಟಿಂಗ್ ಸಿಸ್ಟಮ್ಮಿಗೆ ಗೊತ್ತೇ ಆಗುವುದಿಲ್ಲ. ಶೆಟ್ಟರ ಸಾಫ್ಟ್‌ವೇರಿನವರು ಎಷ್ಟು ಹುಡುಕಿದರೂ ಏನೂ ಸಿಗದೆ ಇದ್ದದ್ದು ಅದಕ್ಕೇ.

ಪ್ರೊಸೆಸರ್ ಇಂಟರಪ್ಟ್ ಒಳಗೆ ಹೋಗುವಾಗ ಬೋರ್ಡಿನ ಒಂದು ಪಿನ್ನಿನ ಸಿಗ್ನಲ್ ಏಳುವಂತೆ, ಹೊರಬರುವಾಗ ಇಳಿಯುವಂತೆ ಮಾಡಿ ವಿಜಯಾ ಸ್ಕೋಪಿನಲ್ಲಿ ತೋರಿಸಿದಳು. ಒಳಗೆ ಹೆಚ್ಚು ಹೊತ್ತಾದಷ್ಟು ಗೆರೆ ದಪ್ಪ. ಸ್ಯಾಂಪಲ್ ಬೋರ್ಡಿನಲ್ಲಿ ಅದು ಕಡ್ಡಿಯಷ್ಟು ತೆಳ್ಳಗೆ. ಹೊಸ ಬೋರ್ಡಿನಲ್ಲಿ ಗೋಡೆಯಷ್ಟು ದಪ್ಪ.

“ಉಷ್ಣತಾ ನೋಡಾಕ ಇಷ್ಟ್ ಹೊತ್ತು ಯಾಕ ಬೇಕು?” ಅಂದೆ, ಅವಳ ಮಾತನ್ನೇ ಅಣಕಿಸಿ.

“ನೋಡಾಕ ಏನೂ ಹೊತ್ತಿಲ್ಲ ಸದಣ್ಣಾ. ತಯಾರಿಗೇ ಹೊತ್ತು. ಮೆಮೊರಿನ ಪುಟಪುಟ ಅಂತ ಹಂಚಿರ್ತಾರ. ಒಂದು ಪುಟ ಮುಟ್ಟಬೇಕಂದ್ರ ಮೊದಲ ಪೇಜ್ ಟೇಬಲ್‌ನ್ಯಾಗ ಅದರ ವಿಳಾಸ ಬರದಿರಬೇಕು. ನಮ್ಮ ಕೋಡು ಪ್ರತಿ ಇಂಟರಪ್ಟಿಗೂ ಇದ್ದಬಿದ್ದ ಪುಟದ್ದೆಲ್ಲಾ ವಿಳಾಸ ಹೊಸದಾಗಿ ಬರೀತೈತಿ. ಬರದು, ಒಂದೇ ಒಂದು ಪುಟ ಮುಟ್ಟಿ, ಹೊರಗ ಬರ್ತೈತಿ.”

ನನಗೆ ಹೋಟೆಲಿನ ಭಾಷೆಯಲ್ಲಿ ಅರ್ಥವಾಯಿತು. ಒಬ್ಬ ಬಂದು ಒಂದು ಕಾಫಿ ಕೇಳಿದರೆ, ಹೋಟೆಲಿನ ಎಲ್ಲ ಟೇಬಲಿಗೂ ಎಲೆ ಹಾಕಿ, ನೀರಿಟ್ಟು, ಆಮೇಲೆ ಅವನಿಗೆ ಕಾಫಿ ಕೊಡುವುದು. ಹೋಟೆಲು ಚಿಕ್ಕದಿದ್ದಾಗ ಇದು ನಡೆಯುತ್ತಿತ್ತು. ನಾನು ಹೋಗಿ ನಾಲ್ಕು ಪಟ್ಟು ದೊಡ್ಡ ಹಾಲ್ ಕಟ್ಟಿಸಿಕೊಟ್ಟಿದ್ದೆ. ಪುಕ್ಕಟೆ.

ವಾಗ್ಳೆ ಎಸ್ಟೇಟಿಗೆ ಬಂದು ವಿಜಯಾ ಸಾಹೇಬರ ಮುಂದೆ ತನ್ನ ಉಪಾಯ ಇಟ್ಟಳು. ಇಂಟರಪ್ಟ್ ಬಂದಾಗ ಯಾವ ವಿಳಾಸವನ್ನೂ ಮೊದಲೇ ಬರೆಯುವುದು ಬೇಡ. ಕೆಲಸ ನಡೆಯುವಾಗ ಯಾವ ಪುಟ ಬೇಕೋ ಅದನ್ನು ಮುಟ್ಟಲು ಹೋಗಲಿ. ವಿಳಾಸವಿಲ್ಲದಿದ್ದರೆ ಪ್ರೊಸೆಸರೇ ‘ಪೇಜ್ ಫಾಲ್ಟ್’ ಅಂತ ಕೂಗುತ್ತದೆ. ಕೂಗಿದಾಗ ಆ ಒಂದು ಪುಟದ್ದು ಮಾತ್ರ ಬರೆದುಕೊಡೋಣ. ಕೇಳಿದರೆ ಕೊಡುವುದು, ಕೇಳದಿದ್ದರೆ ಇಲ್ಲ. ಆನ್-ಡಿಮ್ಯಾಂಡ್ ಪೇಜಿಂಗ್. ಆಪರೇಟಿಂಗ್ ಸಿಸ್ಟಮ್ಮಿನವರು ಎಷ್ಟೋ ಕಾಲದಿಂದ ಮಾಡುತ್ತಿದ್ದದ್ದೇ. ಫರ್ಮ್‌ವೇರಿನ ಕಾವಲುಗಾರನಿಗೆ ನಾವು ಕಲಿಸಿರಲಿಲ್ಲ, ಅಷ್ಟೆ.

ಸಾಹೇಬರು ಕನ್ನಡಕ ತೆಗೆದರು. “ಕಾವಲುಗಾರನೇ ಫಾಲ್ಟ್ ಮಾಡಬೇಕೆ? ಇಂಟರಪ್ಟ್ ನಡೆಯುವಾಗ ಫಾಲ್ಟ್ ಬಂದರೆ ಬೋರ್ಡು ಸತ್ತಿತು ಅಂತ ನಾನು ಎಲ್ಲರಿಗೂ ಕಲಿಸಿದ್ದೇನೆ.”

“ಅದು ಸಾಯೋದಲ್ರೀ ಸರ್, ಕೇಳೋದು.”

“ಮತ್ತೆ ಪ್ರತಿ ಸಲ ಹೊಸದಾಗಿ ಬರೆಯುವುದು ಯಾಕೆ ಅಂತ ಗೊತ್ತೆ? ಹಿಂದಿನ ಸಲ ಬರೆದದ್ದು ಹಾಳಾಗಿದ್ದರೆ? ನಂಬುವುದು ಹೇಗೆ? ಅದನ್ನು ಬರೆದವನು ಮೂರ್ಖನಲ್ಲ.”

“ಆಮ್ಯಾಲ ಎಷ್ಟೋ ಮಂದಿ ಕೈ ಆಡಿಸ್ಯಾರ ಸರ್, ಇದನ್ನ ಯಾರ್ ಬರದಾರ ಅಂತ ನನಗೇನ್ ಗೊತ್ತು, ಹೆಸರಿಲ್ಲ.”

“ನಾನು,” ಅಂದರು ಸಾಹೇಬರು.

ನನ್ನ ಕೆಲಸ ಇಂಥ ಹೊತ್ತಿಗೇ. “ಸಾಹೇಬ, ನಿಮ್ಮ ಕೋಡು ಹಾಗೇ ಇರಲಿ. ಗಣಪತಿ ತನಕ ಇವಳು ಪಕ್ಕದಲ್ಲಿ ತನ್ನದು ಕಟ್ಟಲಿ. ಆಗದಿದ್ದರೆ ನಿಮ್ಮದೇ ಇದೆಯಲ್ಲ. ಬಾಡಿಗೆಗೆ ಬಂದವಳು ಅಂದುಕೊಳ್ಳಿ.” ಅವರು ಮುಖ ಗಂಟಿಕ್ಕಿಕೊಂಡೇ ಒಪ್ಪಿದರು. ಅವರ ಪ್ರಶ್ನೆಯನ್ನು ಮಾತ್ರ ವಿಜಯಾ ಹಗುರಾಗಿ ತೆಗೆದುಕೊಳ್ಳಲಿಲ್ಲ. ಪೇಜ್ ಟೇಬಲನ್ನು ಮೆಮೊರಿಯಲ್ಲಿ ಹೊರಗಿನ ಯಾವ ಪ್ರೋಗ್ರಾಮೂ ಮುಟ್ಟಲಾಗದ ಬೀಗದ ಜಾಗದಲ್ಲಿ ಇಟ್ಟಳು. ಹಿರಿಯರ ಭಯದಲ್ಲಿ ಅರ್ಧ ಹಳತು, ಅರ್ಧ ಅನುಭವ. ಎರಡನ್ನೂ ಬೇರೆ ಮಾಡಿ ನೋಡಬೇಕು.

ಅವಳ ಹೊಸ ಫರ್ಮ್‌ವೇರ್ ಹಾಕಿದ ಬೋರ್ಡು ಮೊದಲ ಇಂಟರಪ್ಟಿಗೇ ಕಪ್ಪಾಗಿ ಮತ್ತೆ ಮೊದಲಿನಿಂದ ಶುರುವಾಯಿತು. ಇನ್ನೊಮ್ಮೆ ಹಾಕಿದರೂ ಅದೇ. ಹಲವು ದಿನ ಹೀಗೇ. ಶೆಟ್ಟರು ಫೋನು ಮಾಡಿದಾಗಲೆಲ್ಲ ನಾನು “ಆಗ್ತಾ ಉಂಟು, ಆಗ್ತಾ ಉಂಟು” ಅನ್ನುವುದು, ಅವರು “ಎಂಥ ಆಗ್ತಾ ಉಂಟು, ಮಳೆಯಾ?” ಅನ್ನುವುದು.

ಒಂದು ದಿನ ವಿಜಯಾ ಮಧ್ಯಾಹ್ನಕ್ಕೆ ಬಂದಳು, ಸೀರೆಯ ಸೆರಗೆಲ್ಲ ಒದ್ದೆ. ಹಾಲು ತರಲು ಮನೆಯಿಂದ ಹೊರಬಿದ್ದಾಗ ಗಾಳಿಗೆ ಬಾಗಿಲು ಹಾಕಿಕೊಂಡು ಲ್ಯಾಚ್ ಬಿದ್ದಿತ್ತಂತೆ. ಕೀಲಿ ಒಳಗೆ. ಬೀಗ ತೆಗೆಯುವವನು ಬರುವ ತನಕ ಮೆಟ್ಟಿಲ ಮೇಲೆ ಹಾಲಿನ ಚೀಲ ಹಿಡಿದು ಕೂತಿದ್ದಳಂತೆ.

“ಬಾಜೂದವರ ಹತ್ರ ಇನ್ನೊಂದು ಕೀಲಿ ಇಡಬೇಕಿತ್ತಲ್ಲ?” ಅಂದೆ. ಈ ಕಡೆ ಫ್ಲ್ಯಾಟುಗಳಲ್ಲಿ ಎಲ್ಲರೂ ಮಾಡುವುದು ಅದೇ.

“ಹೌದಲ್ಲಾ,” ಅಂದವಳು ಚಪ್ಪಲಿಯನ್ನೂ ಬಿಡದೆ ಬೋರ್ಡಿನ ಮುಂದೆ ಹೋಗಿ ಕೂತಳು. “ಅಯ್ಯ ಶಿವನ! ಸದಣ್ಣಾ, ಇಲ್ಲೂ ನಾ ಅದನ್ನ ಮಾಡೇನಿ!”

ಪೇಜ್ ಫಾಲ್ಟ್ ಬಂದಾಗ ವಿಳಾಸ ಬರೆದುಕೊಡುವ ಕೋಡು ಇದೆಯಲ್ಲ, ಆ ಕೋಡು ಇಟ್ಟ ಪುಟದ ವಿಳಾಸವನ್ನೇ ಅವಳು ಮೊದಲು ಬರೆದಿರಲಿಲ್ಲ. ಫಾಲ್ಟ್ ತೀರಿಸಲು ಹೋದವನೇ ಫಾಲ್ಟಿನಲ್ಲಿ ಬೀಳುತ್ತಿದ್ದ. ಬಾಗಿಲು ತೆರೆಯುವ ಕೀಲಿ ಬಾಗಿಲಿನ ಒಳಗೆ. ಆ ಕೋಡು, ಅದು ಕೆಲಸ ಮಾಡುವ ಜಾಗ, ಆ ಟೇಬಲ್ಲು, ಇಷ್ಟರ ಪುಟಗಳನ್ನು ಮಾತ್ರ ಯಾವಾಗಲೂ ತೆರೆದೇ ಇಟ್ಟಳು. ಸಂಜೆಯ ಹೊತ್ತಿಗೆ ಸ್ಕೋಪಿನ ಗೋಡೆ ಹೋಗಿ ಕಡ್ಡಿ ನಿಂತಿತ್ತು. ನಾಲ್ಕು ಪಟ್ಟು ಮೆಮೊರಿ ಇಟ್ಟುಕೊಂಡೇ. ಸಾಹೇಬರು ಬಂದು ನೋಡಿ, ಅವಳಿಗೆ ಒಂದು ಚಹಾ ಕಳುಹಿಸಿದರು.

ನಾವು ಗೆದ್ದೆವು ಅಂತಲೇ ನವಿ ಮುಂಬಯಿಗೆ ಹೋದೆವು, ಸಾಹೇಬರೂ ಸೇರಿ. ಔಷಧ ಕಂಪನಿಯ ಗುಣಮಟ್ಟ ನೋಡುವವರು ಫರ್ನಾಂಡಿಸ್ ಮೇಡಂ. ಸಣ್ಣ ಆಸಾಮಿ, ಕೈಯಲ್ಲಿ ಭೂತಗನ್ನಡಿ. “ಏಕ್ ಭೀ ಗಲತ್ ಕಟ್, ತೋ ಮಷೀನ್ ವಾಪಸ್,” ಅಂದುಬಿಟ್ಟರು, ಒಂದೇ ಒಂದು ಕಟ್ ತಪ್ಪಿದರೂ ಯಂತ್ರ ವಾಪಸ್ ಅಂತ. ರೋಲು ಓಡಿತು. ಶೆಟ್ಟರು ಬಾಯಲ್ಲೇ ಏನೋ ಜಪಿಸುತ್ತಿದ್ದರು. ರೋಲು ಇನ್ನೇನು ಮುಗಿಯಬೇಕು, ಮೇಡಂ ಕೈ ಎತ್ತಿದರು. ಭೂತಗನ್ನಡಿಯ ಕೆಳಗೆ ಒಂದೇ ಒಂದು ಲೇಬಲಿನ ಕಟ್ ತಪ್ಪಿತ್ತು.

ವಿಜಯಾ ಸ್ಕೋಪಿನ ಹತ್ತಿರ ಓಡಿದಳು. ನಾನು ಮೇಡಂ ಹತ್ತಿರ.

“ಮೇಡಂ, ಈಗ ನಿಮಗೆ ಲಂಚ್ ಅಲ್ವೇ?”

“ಹಾಂ, ತೋ?”

“ಮಷೀನು ಹೇಗೂ ಖಾಲಿ ನಿಂತಿರ್ತದೆ. ಊಟ ಮುಗಿಸಿ ಬನ್ನಿ. ಇನ್ನೊಂದು ರೋಲು ನಮ್ಮದೇ. ಆಗಲೂ ತಪ್ಪಿದರೆ ನೀವು ರಿಜೆಕ್ಟ್ ಅಂತ ಬರೆಯುವ ಕಷ್ಟವೂ ಬೇಡ, ನಾವೇ ಎತ್ತಿಕೊಂಡು ಹೋಗ್ತೇವೆ. ಊಟದ ಮೊದಲು ರಿಜೆಕ್ಟ್ ಮಾಡಿದರೆ ನಿಮಗೆ ಬಾಕಿ ಇಡೀ ದಿನ ಕಾಗದಪತ್ರ.”

ಅವರು ಭೂತಗನ್ನಡಿಯ ಮೇಲಿನಿಂದ ನನ್ನನ್ನು ನೋಡಿದರು. “ಆಪ್ ಹೋಟೆಲ್‌ವಾಲೇ ಹೋ ಕ್ಯಾ?”

“ಕ್ಯಾಂಟೀನ್, ಮೇಡಂ.”

“ಲಂಚ್ ತಕ್. ಬಸ್,” ಅಂದು ಹೋದರು, ಊಟ ಮುಗಿಯುವ ತನಕ ಅಷ್ಟೇ ಅಂತ.

ವಿಜಯಾಗೆ ಕಾರಣ ಸಿಕ್ಕಿತ್ತು. ವಾಗ್ಳೆ ಎಸ್ಟೇಟಿನ ನಮ್ಮ ಲ್ಯಾಬಿನಲ್ಲಿ ಎಸಿ. ಇಲ್ಲಿ ಯಂತ್ರದ ಬಾಗಿಲು ಮುಚ್ಚಿ ಓಡಿಸುತ್ತಾರೆ, ಬೋರ್ಡು ನಿಜಕ್ಕೂ ಬಿಸಿಯಾಗಿತ್ತು. ಬಿಸಿಯಾದಾಗ ಫ್ಯಾನಿನ ವೇಗ ಏರಿಸಿ, ಎಚ್ಚರಿಕೆ ದಾಖಲಿಸುವ ಕೋಡು ಎಂದೂ ಓಡದೆ ಇದ್ದದ್ದು ಓಡಿತು. ಅದು ಒಂದರ ಹಿಂದೆ ಒಂದು ಹೊಸ ಪುಟ ಕೇಳಿತು. ಪ್ರತಿಯೊಂದಕ್ಕೂ ಒಂದು ಫಾಲ್ಟ್. ಒಬ್ಬೊಬ್ಬರಾಗಿ ಕೇಳಿದರೆ ಸರಿ, ದಿಬ್ಬಣವೇ ಒಟ್ಟಿಗೆ ಬಂದು ಕೇಳಿದರೆ ಕಾಫಿ ತಡವೇ. “ಈ ದಾರಿದ್ದು ಪುಟಗಳನ್ನೂ ಸ್ವಿಚ್ ಹಾಕಿದಾಗನ ತೆರೆದು ಇಟ್ಟಬಿಡ್ತೇನಿ,” ಅಂದಳು. ಸಾಹೇಬರು ಪಕ್ಕದಲ್ಲಿ ಸ್ಟೂಲು ಎಳೆದು ಕೂತು, ಆ ಕೋಡು ಯಾವ ಯಾವ ಪುಟ ಮುಟ್ಟುತ್ತದೆ ಎಂದು ಒಂದೊಂದಾಗಿ ಬಾಯಲ್ಲೇ ಹೇಳತೊಡಗಿದರು. ಬರೆದವರು ಅವರೇ ತಾನೆ. ಅವಳು ಟೈಪ್ ಮಾಡುತ್ತ ಹೋದಳು. ನಾನು, ಶೆಟ್ಟರು ಬಾಗಿಲ ಹತ್ತಿರ ನಿಂತು ಊಟ ಮುಗಿಸಿ ಬರುವವರನ್ನು ಕಾಯುತ್ತಿದ್ದೆವು.

“ಎಂಥ ಊಟ ಇವತ್ತು ಅವರಿಗೆ?” ಅಂದರು ಶೆಟ್ಟರು.

“ಮೀನು ಇರ್ಲಿ ದೇವರೇ. ಮುಳ್ಳು ಬಿಡಿಸ್ಲಿಕ್ಕೆ ಹೊತ್ತು ಬೇಕು.”

ಮೇಡಂ ಬಂದಾಗ ಬೋರ್ಡಿನಲ್ಲಿ ಹೊಸ ಫರ್ಮ್‌ವೇರ್ ಏರಿತ್ತು. ಬೋರ್ಡು ಮತ್ತೆ ಬಿಸಿಯಾಗುವಂತೆ ಯಂತ್ರದ ಬಾಗಿಲು ಮುಚ್ಚಿ, ಕಿಂಡಿಗಳಿಗೂ ರಟ್ಟು ಹಿಡಿಸಿದಳು ವಿಜಯಾ. ರೋಲು ಪೂರ್ತಿ ಓಡಿತು. ಮೇಡಂ ಭೂತಗನ್ನಡಿ ಹಿಡಿದು ಮೊದಲಿನಿಂದ ಕೊನೆಯವರೆಗೆ ನೋಡಿದರು, ನಡುವೆ ಎರಡು ಕಡೆ ನಿಂತು ನಮ್ಮ ಜೀವ ತೆಗೆದರು. ಕೊನೆಗೆ ಭೂತಗನ್ನಡಿಯನ್ನು ಜೇಬಿಗಿಟ್ಟರು. “ಠೀಕ್ ಹೈ.”

ಶೆಟ್ಟರು ನನ್ನ ಬೆನ್ನಿಗೆ ಹೊಡೆದದ್ದು ಎರಡು ದಿನ ನೋಯುತ್ತಿತ್ತು. ಸಾಹೇಬರು ಎದ್ದು, ಪ್ಯಾಂಟಿನ ಧೂಳು ಕೊಡವಿ, ವಿಜಯಾಗೆ ಹೇಳಿದರು: “ಮಾಝಾ ಕೋಡ್ ಕಾಢೂನ್ ಟಾಕ್.” ನನ್ನ ಕೋಡು ತೆಗೆದುಬಿಡು. ಅಷ್ಟು ವರ್ಷದಲ್ಲಿ ಅವರ ಬಾಯಿಂದ ಕೋಪವಿಲ್ಲದ ಮರಾಠಿ ಕೇಳಿದ್ದು ಅದೊಂದೇ ಸಲ.

ವಿಭಾಗ ಉಳಿಯಿತು. ಮುಂದಿನ ದಶಕದಲ್ಲಿ ಬೋರ್ಡುಗಳಿಗೆ ನಾವು ಊಹಿಸದಷ್ಟು ಮೆಮೊರಿ ಬಂತು. ಕಡ್ಡಿ ಮಾತ್ರ ಕಡ್ಡಿಯಾಗಿಯೇ ಇತ್ತು. ನಾನು ನಿವೃತ್ತನಾಗುವಾಗ ವಿಜಯಾ ಸಾಹೇಬರ ಕುರ್ಚಿಯಲ್ಲಿದ್ದಳು. ಟಿಟ್ವಾಳಾದ ಮನೆ ಬಿಡಲಿಲ್ಲ. ಬಾಜೂದವರ ಹತ್ತಿರ ಒಂದು ಕೀಲಿ ಇದೆ.

ಈಗ ನಿಮಗೆ. ಕೆಲಸ ಹಿಡಿದ ಮೊದಲ ದಿನದಿಂದಲೇ ಬೋರ್ಡನ್ನು ಅದು ನಿಜಕ್ಕೂ ಬೆವರುವ ಜಾಗದಲ್ಲಿ ನೋಡಿ. ಎಸಿ ಲ್ಯಾಬಿನಲ್ಲಿ ಎಲ್ಲರೂ ಒಳ್ಳೆಯವರೇ. ಸರಾಸರಿ ಎಷ್ಟು ಹೊತ್ತು ಅಂತ ಯಾರಾದರೂ ಹೆಮ್ಮೆಯಿಂದ ಹೇಳಿದರೆ, ಅತಿ ಕೆಟ್ಟ ಗಳಿಗೆಯಲ್ಲಿ ಎಷ್ಟು ಅಂತ ಕೇಳಿ. ಬ್ಲೇಡಿಗೆ ಸರಾಸರಿ ಗೊತ್ತಿಲ್ಲ. ಬೇಕಾದಾಗ ಕೊಡುವ ಪದ್ಧತಿ ಒಳ್ಳೆಯದು, ಆದರೆ ಕೊಡುವವನ ಕೀಲಿ ಹೊರಗಿರಲಿ. ಹಳೆಯ ಕೋಡು ತೆಗೆಯುವ ಮೊದಲು ಬರೆದವರು ಬದುಕಿದ್ದರೆ ಪಕ್ಕದಲ್ಲಿ ಒಂದು ಸ್ಟೂಲು ಹಾಕಿ ಕೂರಿಸಿ. ಅರ್ಥಿಂಗ್ ಅನ್ನುವ ಮೊದಲು ಚೆನ್ನಾಗಿ ಓಡುವ ಯಂತ್ರ ಯಾವುದು ಅಂತ ಕೇಳಿ.

ಮತ್ತೆ, ಚೌಕಾಸಿಯ ಕೊನೆಯಲ್ಲಿ ಗಿರಾಕಿ ‘ಇನ್ನೇನು ಫ್ರೀ’ ಅಂದರೆ ಚಹಾ ಕೊಡಿ. ಬೇಕಾದರೆ ಶಿರಾವನ್ನೂ ಕೊಡಿ. ಬೋರ್ಡಿನೊಳಗೆ ಹೋಗುವ ಯಾವುದನ್ನೂ, ನಿಮ್ಮ ವಿಜಯಾಳನ್ನು ಒಂದು ಮಾತು ಕೇಳದೆ, ಕೊಡಬೇಡಿ.